ಡಿಪೋ ಬೀದಿಯ ನಾನೂರು ಮೀಟರ್

ಜೂನ್ 12

ಈ ಪುಸ್ತಕ ಜುಬಿಲಿ ಸಮಿತಿಯವರು ಕಚೇರಿಯಲ್ಲಿ ಎಲ್ಲರಿಗೂ ಹಂಚಿದ್ದು. ರಟ್ಟಿನ ಮೇಲೆ ಚಿನ್ನದ ಅಕ್ಷರದಲ್ಲಿ ‘ಬೊಜ್‌ಕಲಾ ನಗರಕ್ಕೆ ಇನ್ನೂರು ವರ್ಷ’ ಎಂದಿದೆ. ಕಾಗದ ಒಳ್ಳೆಯದು. ಇದಕ್ಕೆ ದುಡ್ಡು ಎಲ್ಲಿಂದ ಬಂತು ಎಂದು ಬೆಳಿಗ್ಗೆ ಯೋಚಿಸಿದ್ದೆ, ಮಧ್ಯಾಹ್ನದ ಹೊತ್ತಿಗೆ ಗೊತ್ತಾಯಿತು. ಇದನ್ನು ಯಾರಿಗಾದರೂ ಹೇಳಿಕೊಳ್ಳದಿದ್ದರೆ ಹೊಟ್ಟೆ ಉಬ್ಬಿ ಸಾಯುತ್ತೇನೆ. ನನ್ನ ಗಂಡ ಸಾಪರ್ ಇದ್ದಿದ್ದರೆ ಅವರ ಮುಂದೆ ಕೂತು ಎಲ್ಲರನ್ನೂ ಬಯ್ಯುತ್ತಿದ್ದೆ. ಅವರು ಹೋಗಿ ಆರು ವರ್ಷವಾಯಿತು. ಇನ್ನು ಈ ಪುಸ್ತಕವೇ ಗತಿ.

ಏಪ್ರಿಲ್‌ನಲ್ಲಿ ನಮ್ಮ ನಗರ ಬಾಂಡ್ ಮಾರಿ ನಾನೂರ ಇಪ್ಪತ್ತು ಕೋಟಿ ತೆಂಗೆ ಸಾಲ ತಂದಿತು. ಚಳಿಗಾಲದಲ್ಲಿ ಬೆಚ್ಚಗಿಡಲು ಮನೆ ಮನೆಗೆ ಬಿಸಿನೀರು ಒಯ್ಯುವ ಆರು ಕಿಲೋಮೀಟರ್ ಪೈಪು ಬದಲಾಯಿಸಲು. ಈಗಿರುವ ಪೈಪು ನಾನು ಶಾಲೆಗೆ ಸೇರುವ ಮುಂಚೆ ಹೂತದ್ದು, ನನಗೀಗ ಐವತ್ತೊಂಬತ್ತು. ಆ ಆರು ಕಿಲೋಮೀಟರಿನಲ್ಲಿ ಕೊನೆಯ ನಾನೂರು ಮೀಟರ್ ಡಿಪೋ ಬೀದಿಯದು, ನಮ್ಮ ಮನೆಯ ಕಿಟಕಿಯ ಕೆಳಗೇ ಹೋಗುತ್ತದೆ. ಸಾಲದ ಕಾಗದ ಪತ್ರವನ್ನೆಲ್ಲ ಬರೆದವಳು ನಾನು. ಇಪ್ಪತ್ತೇಳು ವರ್ಷದಿಂದ ಈ ಊರಿನ ಸಾಲ ನೋಡಿಕೊಳ್ಳುತ್ತಿದ್ದೇನೆ, ಒಂದು ಕಂತೂ ಒಂದು ದಿನವೂ ತಪ್ಪಿಸಿಲ್ಲ.

ಇವತ್ತು ಹಣಕಾಸು ವಿಭಾಗದ ಮುಖ್ಯಸ್ಥ ಓಲ್ಜಾಸ್ ಕರೆಸಿದ. ನನ್ನ ಮಗನ ವಯಸ್ಸು, ಹೊಸ ಕುರ್ಚಿ. ಕಚೇರಿಯಲ್ಲಿ ಎಲ್ಲರಂತೆ ಅವನೂ ನನ್ನನ್ನು ‘ಅಪಾಯ್’, ಅಕ್ಕ, ಎಂದೇ ಕರೆಯುವುದು.

“ಮರ್ಯಾಶ್ ಅಪಾಯ್, ಕೂತ್ಕೊಳ್ಳಿ. ಚಹಾ ತರಿಸ್ಲಾ?”

“ಕುಡಿದೇ ಬಂದಿದೀನಿ. ವಿಷಯ ಹೇಳಿ.”

“ಪೈಪಿನ ದುಡ್ಡಲ್ಲಿ ಒಂದು ನೂರ ನಲವತ್ತು ಕೋಟಿನ ಸ್ವಲ್ಪ ದಿನ ಜುಬಿಲಿ ಕಡೆ ತಿರುಗಿಸ್ಬೇಕು. ನವೆಂಬರಲ್ಲಿ ಪ್ರಾಂತ್ಯದವರು ಅನುದಾನ ಕೊಡ್ತಾರೆ, ಬಂದ ತಕ್ಷಣ ವಾಪಸ್ ಹಾಕ್ಬಿಡೋಣ.”

“ಪೈಪು ಹಾಕ್ತೀವಿ ಅಂತ ಬರ್ಕೊಟ್ಟು ತಂದಿರೋ ಸಾಲ ಅದು. ಕುದುರೆ ಓಡಿಸೋಕೆ ಅಂತ ತಂದಿದ್ದಲ್ಲ.”

“ಅಪಾಯ್, ನಾನೇನು ಮನೆಗೆ ತಗೊಂಡ್ಹೋಗ್ತೀನಾ?”

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಎದ್ದು ಬಂದು ಎರಡು ಪುಟದ ಆಕ್ಷೇಪಣೆ ಬರೆದು, ನೋಂದಣಿ ಸಂಖ್ಯೆ ಹಾಕಿಸಿ, ಅವನ ಮೇಜಿನ ಮೇಲಿಟ್ಟು ಬಂದೆ. ಮನಸ್ಸು ಹಗುರವಾಗಿದೆ.

ಜೂನ್ 19

ಆಕ್ಷೇಪಣೆ ‘ಕಳೆದುಹೋಗಿದೆ’. ನೋಂದಣಿ ಪುಸ್ತಕದಲ್ಲಿ ಆ ಸಂಖ್ಯೆಗೆ ಈಗ ಯಾವುದೋ ಹೂಕುಂಡದ ಬಿಲ್ಲು ಬಂದು ಕೂತಿದೆ.

ಅಕಿಮ್ ಸ್ವತಃ ಕರೆಸಿದರು. ನಗರದ ಯಜಮಾನರು, ಇಪ್ಪತ್ತೇಳು ವರ್ಷದಲ್ಲಿ ನಾನು ಕಂಡ ಒಂಬತ್ತನೆಯ ಅಕಿಮ್. ಎಲ್ಲರೂ ಬರುತ್ತಾರೆ, ಒಂದು ಕಾರಂಜಿ ಕಟ್ಟಿಸುತ್ತಾರೆ, ಹೋಗುತ್ತಾರೆ. ಸಾಲ ಮಾತ್ರ ನನ್ನ ಬೀರುವಿನಲ್ಲಿ ಉಳಿಯುತ್ತದೆ.

“ಅಪಾಯ್,” ಎಂದರು ನಗುತ್ತಾ, “ಪೈಪು ಮಣ್ಣೊಳಗಿರತ್ತೆ, ಯಾರಿಗೆ ಕಾಣತ್ತೆ ಹೇಳಿ? ಹಬ್ಬ ಊರಿಗೇ ಕಾಣತ್ತೆ. ರಾಜಧಾನಿಯಿಂದ ದೊಡ್ಡೋರು ಬರ್ತಾರೆ. ಅವರ ಮನಸ್ಸು ತಣ್ಣಗಾದ್ರೆ ನಿಮ್ಮ ಪೈಪಿಗೆ ಇನ್ನೂ ಎರಡರಷ್ಟು ಬರತ್ತೆ.”

ಮೂಗಿಗೆ ತುಪ್ಪ ಸವರುವ ಮಾತು, ನನಗೆ ಗೊತ್ತಿಲ್ಲವೇ. ಆದರೂ ಸಹಿ ಹಾಕಿದೆ. ಹಾಕುವ ಮುಂಚೆ ಹಾಳೆಯ ಮೇಲೆ ನನ್ನ ಕೈಯಿಂದಲೇ ಬರೆದೆ: ‘ತಾತ್ಕಾಲಿಕ. ಜುಬಿಲಿ ಖರ್ಚಿಗೆ. ನವೆಂಬರ್ 30ರೊಳಗೆ ಪೈಪಿನ ಖಾತೆಗೆ ಹಿಂದಿರುಗಬೇಕು.’ ಓಲ್ಜಾಸನ ಮುಖ ಹುಳಿಹುಳಿಯಾಯಿತು. ಅಕಿಮ್ ಮಾತ್ರ ಓದದೆಯೇ ಕೆಳಗೆ ಗೀಚಿದರು.

ಇನ್ನೇನು ಮಾಡಬೇಕಿತ್ತು? ಬರೆದಿದ್ದೇನಲ್ಲ. ಬರೆದದ್ದು ಉಳಿಯುತ್ತದೆ.

ಆಗಸ್ಟ್ 2

ಕೆಂಜೆಬೆಕ್ ಬಂದಿದ್ದ. ಬಿಸಿನೀರು ಸರಬರಾಜಿನ ಮುಖ್ಯ ಎಂಜಿನಿಯರ್, ಸಾಪರ್‌ಗೆ ಜೀವದ ಗೆಳೆಯ. ಅವರ ಶವಕ್ಕೆ ಮೊದಲ ಹೆಗಲು ಕೊಟ್ಟವನು. ಬೂಟಿನ ಮಣ್ಣು ನನ್ನ ಕೋಣೆಯ ತುಂಬ ಬಿತ್ತು.

“ಮರ್ಯಾಶ್, ಎರಡು ಕಿಲೋಮೀಟರ್ ಮುಗೀತು. ಕ್ರೀಡಾಂಗಣದ ಕಡೇದು. ಈಗ ಗುತ್ತಿಗೆದಾರ ಯಂತ್ರಾನೆಲ್ಲ ಎತ್ಕೊಂಡ್ಹೋಗಿ ಚೌಕದಲ್ಲಿ ಜುಬಿಲಿ ಸ್ತಂಭ ಕಟ್ತಾ ಕೂತಿದಾನೆ. ಕೇಳಿದ್ರೆ ‘ದುಡ್ಡು ನಿಂತಿದೆ’ ಅಂತಾನೆ. ಬೇಸಿಗೆ ಹೋದ್ಮೇಲೆ ನೆಲಾನ ಹಲ್ಲಲ್ಲಿ ಕಚ್ಚಿ ಅಗೀಲಾ?”

“ಬರತ್ತೆ ಕೆಂಜೆಕೆ, ನವೆಂಬರಿಗೆ.”

“ನವೆಂಬರಲ್ಲಿ ನೆಲ ಕಬ್ಬಿಣ ಕಣೇ.”

ಅವನಿಗೆ ನಿಜ ಹೇಳಿದೆ. ನೂರ ನಲವತ್ತು ಕೋಟಿ ಹಬ್ಬಕ್ಕೆ ಹೋಯಿತು ಎಂದೆ. ಅವನು ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಆಮೇಲೆ, “ನಿನ್ನ ಥರ ಒಬ್ಬಳು ಅಲ್ಲಿ ಕೂತಿದೀಯಲ್ಲ, ಅದೇ ಧೈರ್ಯ,” ಎಂದು ಎದ್ದ. ಖುಷಿಯಾಯಿತು ನನಗೆ. ಸುಳ್ಳೇಕೆ ಹೇಳಲಿ.

ಸೆಪ್ಟೆಂಬರ್ 10

ಹಬ್ಬ ಮುಗಿಯಿತು. ಕುದುರೆ ಪಂದ್ಯದ ಬಯಲಲ್ಲಿ ಇನ್ನೂರು ಬಿಳಿ ಗುಡಾರ, ವರ್ಷಕ್ಕೊಂದರಂತೆ. ಕುದುರೆ ಓಟಕ್ಕೆ ಬಹುಮಾನ ಮೂರು ಕಾರು. ರಾಜಧಾನಿಯಿಂದ ಬಂದ ದೊಡ್ಡವರ ಮುಂದೆ ಬೇಯಿಸಿದ ಕುರಿಯ ತಲೆ ಇಟ್ಟರು, ಮುಖ್ಯ ಅತಿಥಿಗೆ ಸಲ್ಲುವ ಮರ್ಯಾದೆ. ಅವರು ಕಿವಿ ಕೊಯ್ದು ಪಕ್ಕದ ಮಗುವಿಗೆ ಕೊಟ್ಟರು, ಕೆನ್ನೆ ಕೊಯ್ದು ಅಕಿಮ್‌ಗೆ ಕೊಟ್ಟರು. ನನಗೊಂದು ಪದಕ ಸಿಕ್ಕಿತು. ‘ಬೊಜ್‌ಕಲಾ ಸೇವೆಗಾಗಿ’. ಹಗುರವಾದ ತಗಡು. ಆದರೂ ವೇದಿಕೆಯಿಂದ ಇಳಿದ ಮೇಲೂ ಅದನ್ನು ಬಿಚ್ಚಲಿಲ್ಲ.

ಊಟವಾದ ಮೇಲೆ ಎಲ್ಲರಂತೆ ನಾನೂ ಸರ್ಕಿಟ್ ಕಟ್ಟಿಸಿಕೊಂಡೆ. ಹಬ್ಬದೂಟದಲ್ಲಿ ಉಳಿದದ್ದನ್ನು ಮನೆಯವರ ಪಾಲು ಎಂದು ಒಯ್ಯದಿದ್ದರೆ ಉಂಡ ಮನೆಗೆ ಅವಮಾನ. ಕುದುರೆ ಮಾಂಸ, ಎಣ್ಣೆಯಲ್ಲಿ ಕರಿದ ಬಾವುರ್ಸಾಕ್ ಉಂಡೆ, ಬಣ್ಣದ ಕಾಗದದ ಮಿಠಾಯಿ, ಎರಡು ಸೇಬು.

ಅತ್ತೆ ಕಿಟಕಿಯ ಹತ್ತಿರ ಕಾಯುತ್ತಿದ್ದರು. ಜಮಾಲ್ ಅಪಾಗೆ ಎಂಬತ್ತೊಂದು. ಮೂವತ್ತು ವರ್ಷ ಬಾಯ್ಲರ್ ಮನೆಯಲ್ಲಿ ದುಡಿದವರು, ಗೋಡೆ ಮುಟ್ಟಿದರೆ ನೀರು ಎಷ್ಟು ಡಿಗ್ರಿ ಎಂದು ಹೇಳುತ್ತಾರೆ. ಕಾಲು ಸೋತ ಮೇಲೆ ಕಿಟಕಿಯೇ ಅವರ ಕಚೇರಿ. ಬೀದಿಯಲ್ಲಿ ಯಾರ ನಾಯಿ ಯಾರ ಬಾಗಿಲಿಗೆ ಹೋಯಿತು ಎನ್ನುವುದರಿಂದ ಹಿಡಿದು ಎಲ್ಲದರ ವರದಿ ಸಂಜೆ ನನಗೆ ಒಪ್ಪಿಸುತ್ತಾರೆ. ನನ್ನನ್ನು ಕರೆಯುವುದು ‘ಕೆಲಿನ್’, ಸೊಸೆ, ಎಂದು.

“ತಾ ಇಲ್ಲಿ ಕೆಲಿನ್, ಇನ್ನೂರು ವರ್ಷದ ಊರಿನ ಪ್ರಸಾದ!” ಎಂದು ಅಂಗೈ ಎತ್ತಿ ಹರಸಿ, ಮಿಠಾಯಿಯನ್ನು ಪಕ್ಕದ ಮೂರು ಮನೆಗೂ ಹಂಚಿಸಿದರು. ಮಾಂಸವನ್ನು ಹಲ್ಲಿಲ್ಲದ ಬಾಯಲ್ಲಿ ಚೀಪುತ್ತಾ ಕೇಳಿದರು, “ನಮ್ಮ ಬೀದಿ ಯಾವಾಗ ಅಗೀತಾರಂತೆ?”

“ಬರ್ತಾರೆ ಅಪಾ.”

“ನಾನು ನೋಡ್ತಾನೇ ಇದೀನಿ.”

ಅಕ್ಟೋಬರ್ 21

ಬಿಸಿನೀರು ಬಿಟ್ಟರು. ಅತ್ತೆ ರೇಡಿಯೇಟರ್ ಮೇಲೆ ಕೈಯಿಟ್ಟು “ನಲವತ್ತೆರಡು” ಎಂದರು. ಅರವತ್ತಿರಬೇಕಿತ್ತು.

ನವೆಂಬರ್ 30

ಪ್ರಾಂತ್ಯದಿಂದ ಉತ್ತರ ಬಂತು. ಅನುದಾನ ಇಲ್ಲ. ಪಕ್ಕದ ಊರಿಗೂ ಜುಬಿಲಿಯಂತೆ.

ಬಾಂಡಿನ ಮೊದಲ ಬಡ್ಡಿ ಇವತ್ತೇ ಕಟ್ಟಬೇಕಿತ್ತು. ಖಜಾನೆಯಲ್ಲಿ ಅಷ್ಟು ಇರಲಿಲ್ಲ. ಬ್ಯಾಂಕಿನಿಂದ ಮೂರು ತಿಂಗಳ ಸಾಲ ತೆಗೆದು ಬಡ್ಡಿ ಕಟ್ಟಿದೆವು. ಬಡ್ಡಿ ಕಟ್ಟಲು ಸಾಲ ಮಾಡಿದ್ದು ನನ್ನ ಇಷ್ಟು ವರ್ಷದಲ್ಲಿ ಇದೇ ಮೊದಲು. ಮಧ್ಯಾಹ್ನ ಊಟ ಸೇರಲಿಲ್ಲ. ಆದರೆ ಕಂತು ತಪ್ಪಲಿಲ್ಲ. ಅದನ್ನೂ ಹೇಳಬೇಕು.

ಡಿಸೆಂಬರ್ 5

ಈಗ ನಿಜವಾದ ಕುತ್ತು ಬಂದಿದೆ. ಬಾಂಡಿನ ದುಡ್ಡು ಪೂರ್ತಿ ಖರ್ಚಾಗಿ ಆರು ಕಿಲೋಮೀಟರ್ ಪೈಪು ಬಿದ್ದಿದೆ ಎಂದು ಇಪ್ಪತ್ತನೆಯ ತಾರೀಖಿನೊಳಗೆ ವರದಿ ಹೋಗಬೇಕು. ಹೋಗದಿದ್ದರೆ ಇಡೀ ನಾನೂರ ಇಪ್ಪತ್ತು ಕೋಟಿ ಒಂದೇ ಸಲ ವಾಪಸ್. ಹಾಗಾದರೆ ಊರಿನ ಶಾಲೆ, ಆಸ್ಪತ್ರೆ, ಶಿಕ್ಷಕರ ಸಂಬಳ ಎಲ್ಲಕ್ಕೂ ಬೀಗ. ಹಬ್ಬದ ಮೇಲೆ, ನೆಲ ಗಟ್ಟಿಯಾಗುವ ಮುಂಚೆ ಇನ್ನೆರಡು ಹಾಕಿದ್ದೂ ಸೇರಿ ಬಿದ್ದಿರುವುದು ನಾಲ್ಕೇ ಕಿಲೋಮೀಟರ್.

ಈ ರೋಗ ನಮ್ಮ ಊರಿಗೆ ಹೊಸದಲ್ಲ. ಪ್ರತಿ ಡಿಸೆಂಬರಿನಲ್ಲೂ ಹಿಮದ ಮೇಲೆ ಡಾಂಬರು ಸುರಿಯುವವರು ನಾವು. ವರ್ಷ ಮುಗಿಯುವುದರೊಳಗೆ ಮುಗಿಸಬೇಕು, ಮುಗಿಯದಿದ್ದರೆ ಮುಗಿದಿದೆ ಎಂದು ಬರೆಯಬೇಕು, ವಸಂತದಲ್ಲಿ ಸದ್ದಿಲ್ಲದೆ ಮಾಡಿ ಮುಗಿಸಬೇಕು. ಎಲ್ಲರೂ ಹೀಗೆಯೇ ಬದುಕಿದ್ದಾರೆ. ನಾನು ಮಾತ್ರ ಇಂಥದ್ದಕ್ಕೆ ಕೈ ಹಾಕಿರಲಿಲ್ಲ.

ಓಲ್ಜಾಸ್ ಬಾಗಿಲು ಮುಚ್ಚಿ ಹೇಳಿದ: “ಸ್ತಂಭ ಕಟ್ಟಿದವನೇ ಪೈಪು ಹಾಕೋನು. ಬಿಲ್ಲಿನ ತಲೆಬರಹ ಬದಲಾದ್ರೆ ನೂರ ನಲವತ್ತು ಕೋಟಿ ಪೈಪಿನ ಖರ್ಚೇ ಆಗೋಗತ್ತೆ. ಆದ್ರೆ ಕೆಲಸ ಆಗಿದೆ ಅಂತ ಎಂಜಿನಿಯರ್ ಮೊದಲು ಸಹಿ ಹಾಕ್ಬೇಕು, ಆಮೇಲೆ ನೀವು. ಆ ಮನುಷ್ಯ ನಮ್ಮ ಮಾತು ಕೇಳಲ್ಲ, ನಿಮ್ಮ ಮಾತು ಕೇಳ್ತಾನೆ.”

“ನಾನು ಕೇಳಲ್ಲ.”

“ಅಪಾಯ್, ಜೂನಲ್ಲಿ ದುಡ್ಡು ತಿರುಗಿಸಿದ ಹಾಳೆ ಮೇಲೆ ಯಾರ ಕೈಬರಹ ಇದೆ? ಅಕಿಮ್ ಓದ್ಲೇ ಇಲ್ಲ. ಓದಿ ಬರೆದೋರು ನೀವೊಬ್ಬರೇ.”

ನನ್ನ ಆ ಹೆಮ್ಮೆಯ ಹಾಳೆಯನ್ನು ನನ್ನ ಕುತ್ತಿಗೆಗೇ ಕಟ್ಟಿದ. ಅತ್ತ ದರಿ, ಇತ್ತ ಹುಲಿ. ಪಿಂಚಣಿಗೆ ಎರಡೇ ವರ್ಷ.

ಡಿಸೆಂಬರ್ 10

ಕೆಂಜೆಬೆಕ್ ಮನೆಯಲ್ಲಿ ಸೊಗಿಮ್ ಊಟ. ಚಳಿಗಾಲಕ್ಕೆಂದು ಕುದುರೆ ಕಡಿದಿದ್ದರು. ಅವನ ಹೆಂಡತಿ ಉಲ್ಬೋಸಿನ್ ಫೋನಿನಲ್ಲಿ, “ನೀನು ಬರದೆ ತಟ್ಟೆ ಇಡಲ್ಲ ಕಣೇ,” ಎಂದಿದ್ದಳು. ಹೋದೆ. ಸಾಪರ್ ಕೂರುತ್ತಿದ್ದ ಜಾಗದಲ್ಲೇ ನನ್ನನ್ನು ಕೂರಿಸಿದರು. ಒಳ್ಳೆಯ ತುಂಡನ್ನೆಲ್ಲ ಅವಳು ನನ್ನ ಕಡೆಗೇ ತಳ್ಳುತ್ತಿದ್ದಳು.

ಅವಳು ಚಹಾ ತರಲು ಎದ್ದಾಗ ವಿಷಯ ತೆಗೆದೆ. ಕೆಂಜೆಬೆಕ್ ಚಾಕು ಕೆಳಗಿಟ್ಟ.

“ಡಿಪೋ ಬೀದೀನೂ ಸೇರಿಸಿಯಾ? ನಿನ್ನ ಮನೆ ಮುಂದಿಂದನ್ನೂ?”

“ಏಪ್ರಿಲಲ್ಲಿ ಮೊದಲು ಅದನ್ನೇ ಅಗೆಸ್ತೀನಿ. ಕಾಗದ ನಾಲ್ಕು ತಿಂಗಳು ಮುಂದಿರತ್ತೆ, ಅಷ್ಟೇ.”

“ಈ ಚಳಿಗೆ ಆ ಪೈಪು ತಡೆಯಲ್ಲ, ಮರ್ಯಾಶ್.”

“ಐದು ವರ್ಷದಿಂದ ನೀನು ಇದೇ ಹೇಳ್ತಿದೀಯ. ತಡೆದಿದೆಯಲ್ಲ?”

ಹಾಗೆ ಅಂದೆ. ಯಾಕೆ ಅಂದೆನೋ.

“ಏನಾದ್ರೂ ಆದ್ರೆ?” ಎಂದು ಕೇಳಿದ.

“ನಾನಿದೀನಲ್ಲ. ಜೂನಿನ ಹಾಳೆ ಇದೆ, ದುಡ್ಡು ಎಲ್ಲಿಗೆ ಹೋಯ್ತು ಅಂತ ಅದ್ರಲ್ಲಿ ಬರೆದಿದೆ. ನಿನ್ನ ಪಕ್ಕ ನಿಲ್ತೀನಿ.”

ಅವನು ನನ್ನ ಮುಖ ನೋಡಿ, “ಸರಿ. ನೀನು ಹೇಳಿದ್ಮೇಲೆ ಮುಗೀತು,” ಎಂದ. ಅಷ್ಟೇ. ಬರೆದು ಕೊಡು ಎನ್ನಲಿಲ್ಲ. ಉಲ್ಬೋಸಿನ್ ಚಹಾ ತಂದಳು, ಹೊರಡುವಾಗ ಅತ್ತೆಗೆಂದು ಸರ್ಕಿಟ್ ಕಟ್ಟಿಕೊಟ್ಟಳು. ಭಾರವಾಗಿತ್ತು.

ಉಂಡ ಮನೆಗೆ ಎರಡು ಬಗೆಯುವ ಬುದ್ಧಿ ನನ್ನದಲ್ಲ. ಊರಿಗಾಗಿ ಕೇಳಿದೆ.

ಡಿಸೆಂಬರ್ 18

ವರದಿ ಹೋಯಿತು. ಎರಡೂ ಸಹಿಗಳಾದವು. ಆರು ಕಿಲೋಮೀಟರ್, ಎಲ್ಲ ಬೀದಿಗಳ ಹೆಸರು ಸಮೇತ.

ಓಲ್ಜಾಸ್ ಜೂನಿನ ಹಾಳೆಯನ್ನು ಕಡತದಿಂದ ತೆಗೆದು ನನ್ನ ಕೈಗಿಟ್ಟ. “ಇದೊಂದೇ ಪ್ರತಿ. ನಿಮ್ಮದು, ನೀವೇ ಇಟ್ಕೊಳ್ಳಿ,” ಎಂದ. ಆ ಜಾಗಕ್ಕೆ ಬೇರೆ ಹಾಳೆ ಬಂದಿದೆ. ನಾನು ಇದನ್ನು ಈ ಪುಸ್ತಕದ ನಡುವೆ ಇಟ್ಟಿದ್ದೇನೆ. ನನ್ನ ಹತ್ತಿರ ಇರುವುದೇ ಒಳ್ಳೆಯದು, ಕೆಂಜೆಬೆಕ್‌ಗೂ ಕ್ಷೇಮ.

ಸಂಜೆ ಅತ್ತೆಯ ವರದಿ: “ಮೂರನೇ ಮಹಡಿಯೋಳಿಗೆ ಹೊಸ ಕೋಟು. ಕರಿ ನಾಯಿ ಮರಿ ಹಾಕಿದೆ. ಅಗೆಯೋರು ಇವತ್ತೂ ಬರ್ಲಿಲ್ಲ.”

“ಅಪಾ, ಬೇರೆ ಮಾತೇ ಇಲ್ವಾ ನಿಮಗೆ?” ಎಂದು ರೇಗಿದೆ. ಪಾಪ, ಬೆಚ್ಚಿಬಿದ್ದರು.

ಜನವರಿ 9

ಮೈನಸ್ ಮೂವತ್ತಾರು. ಬೆಳಿಗ್ಗೆ ಹನ್ನೊಂದಕ್ಕೆ ಡಿಪೋ ಬೀದಿಯಲ್ಲಿ ಪೈಪು ಒಡೆಯಿತು. ಕಚೇರಿಗೆ ಫೋನ್ ಬಂತು. ಓಡಿ ಬಂದರೆ ಬೀದಿಯ ತುಂಬ ಹಬೆ, ಕೈ ಚಾಚಿದರೆ ಕೈ ಕಾಣದು. ಒಂದು ಗಂಟೆಯಲ್ಲಿ ಅಷ್ಟೂ ಹಿಮಗಲ್ಲಾಯಿತು. ಹನ್ನೊಂದು ಕಟ್ಟಡಗಳಿಗೆ ಬಿಸಿಯಿಲ್ಲ. ರೇಡಿಯೇಟರುಗಳು ಒಂದೊಂದಾಗಿ ಸೀಳುವ ಸದ್ದು ಮೆಟ್ಟಿಲ ಮೇಲೆ ಕೇಳುತ್ತಿತ್ತು. ಅತ್ತೆಗೆ ಇದ್ದ ಕೋಟೆಲ್ಲ ತೊಡಿಸಿ, ಇಬ್ಬರ ಹೆಗಲಿನ ಮೇಲೆ ಹೊರಿಸಿಕೊಂಡು ಶಾಲೆಯ ವ್ಯಾಯಾಮದ ಮನೆಗೆ ಸೇರಿಸಿದೆ. ಅಲ್ಲಿ ನಾನೂರು ಜನ. ಅತ್ತೆ ನನ್ನ ತೋಳು ಹಿಡಿದೇ ಇದ್ದರು.

ಕೆಂಜೆಬೆಕ್ ಗುಂಡಿಯೊಳಗೆ ಇಳಿದಿದ್ದ. ಮೀಸೆ, ಹುಬ್ಬು ಎಲ್ಲ ಬೆಳ್ಳಗೆ. ನನ್ನನ್ನು ಕಂಡು ಕೈ ಎತ್ತಿದ. ನಾನೂ ಎತ್ತಿದೆ.

ಜನವರಿ 14

ಎರಡು ಮನೆ ಆಚೆಗಿದ್ದ ಮುದುಕ ದೋಸಿಮ್ ತೀರಿಕೊಂಡರು. ಮನೆ ಬಿಟ್ಟು ಬರುವುದಿಲ್ಲ ಎಂದು ಕರೆಂಟಿನ ಒಲೆ ಹಚ್ಚಿಕೊಂಡು ಕೂತಿದ್ದರಂತೆ, ಕರೆಂಟೂ ಹೋಯಿತು. ಸೆಪ್ಟೆಂಬರಿನ ಮಿಠಾಯಿ ಹಂಚಿದ ಮೂರು ಮನೆಗಳಲ್ಲಿ ಅವರದೂ ಒಂದು.

ಬರೆಯಲು ಕೈ ಬರುತ್ತಿಲ್ಲ.

ಜನವರಿ 20

ಮನೆಗೆ ಬಿಸಿ ಬಂತು, ನಾವೂ ವಾಪಸಾದೆವು. ತನಿಖೆಯವರೂ ಬಂದಿದ್ದಾರೆ. ಒಡೆದ ಪೈಪು ಐವತ್ತು ವರ್ಷ ದಾಟಿದ್ದು, ಕಾಗದದಲ್ಲಿ ಅದು ಹೊಸದು. ಅಕಿಮ್ ಟಿವಿಯಲ್ಲಿ ಮುಷ್ಟಿ ಹಿಡಿದು, ತಪ್ಪಿತಸ್ಥರನ್ನು ಬಿಡುವುದಿಲ್ಲ ಎಂದರು. ತಪ್ಪಿತಸ್ಥ ಯಾರು ಎನ್ನುವುದು ಆಗಲೇ ಗೊತ್ತಾಗಿಹೋಗಿತ್ತು. ಬೆಣ್ಣೆ ತಿಂದ ಕೋತಿ ಮೇಕೆಯ ಬಾಯಿಗೆ ಒರೆಸಿದಂತೆ ಎಲ್ಲರೂ ಸೇರಿ ಕೆಂಜೆಬೆಕ್ ತಲೆಯ ಮೇಲೆ ಗೂಬೆ ಕೂರಿಸುತ್ತಿದ್ದಾರೆ. ನಾಚಿಕೆಗೆಟ್ಟವರು.

ಅವನು ಫೋನ್ ಮಾಡಿದ್ದ. “ಆ ಹಾಳೆ ಇದೆಯಲ್ಲ ನಿನ್ನ ಹತ್ರ?”

“ಇದೆ.”

“ಬುಧವಾರ ನನ್ನ ವಿಚಾರಣೆ. ಕೊಡ್ತೀಯಲ್ಲ?”

“ಸಮಯ ನೋಡ್ಬೇಕು ಕೆಂಜೆಕೆ. ದುಡುಕಿದ್ರೆ ಇಬ್ಬರೂ ಮುಳುಗ್ತೀವಿ. ಹೊರಗೆ ಒಬ್ಬರಾದ್ರೂ ಉಳಿದ್ರೆ ತಾನೇ ಇನ್ನೊಬ್ಬರನ್ನ ಎತ್ತೋಕಾಗೋದು?”

“ಸಾಪರ್ ಆಗಿದ್ರೆ ಏನ್ ಮಾಡ್ತಿದ್ದ?” ಎಂದು ಕೇಳಿ ಇಟ್ಟುಬಿಟ್ಟ. ಸತ್ತವರನ್ನು ಎಳೆದು ತರುವುದು ಸರಿಯಲ್ಲ. ಅವನ ಕಷ್ಟ ನನಗೆ ಅರ್ಥವಾಗುತ್ತದೆ, ಆದರೂ ಸರಿಯಲ್ಲ.

ಜನವರಿ 26

ಇವತ್ತು ತನಿಖೆಯವನು ನಮ್ಮ ಮನೆಗೇ ಬಂದ. ಸೌಮ್ಯ ಮನುಷ್ಯ, ಬೂಟು ಬಿಚ್ಚಿ ಒಳಗೆ ಬಂದ. ಚಹಾ ಹಾಕಿದೆ.

“ನೀವು ಹಣಕಾಸಿನೋರು, ಎಂಜಿನಿಯರ್ ಸಹಿ ನಂಬಿ ಸಹಿ ಹಾಕಿದ್ರಿ, ಅದು ಸರಿ,” ಎಂದ. “ಒಂದೇ ಒಂದು ನನಗೆ ತಿಳೀತಿಲ್ಲ. ನೀವು ಇರೋದು ಇದೇ ಬೀದೀಲಿ. ಯಾರೂ ಅಗೆದೇ ಇಲ್ಲ ಅನ್ನೋದು ನಿಮ್ಮ ಕಣ್ಣಿಗೆ ಬೀಳ್ಲಿಲ್ವಾ?”

ಅವನ ಬಟ್ಟಲಿಗೆ ಮತ್ತೆ ಚಹಾ ಸುರಿದೆ. ಏನೇನೋ ಲೆಕ್ಕ ಹಾಕಿಕೊಂಡಿದ್ದೆ, ಇದನ್ನು ಹಾಕಿಕೊಂಡಿರಲಿಲ್ಲ. ಅವನು ಕಿಟಕಿಯ ಕಡೆ ತಿರುಗಿದ.

“ಅಜ್ಜೀ, ನೀವು ಇಡೀ ದಿನ ಇಲ್ಲೇ ಕೂರ್ತೀರಂತೆ, ಪಕ್ಕದೋರು ಹೇಳಿದ್ರು. ಚಳಿಗಾಲಕ್ಕೆ ಮುಂಚೆ ಇಲ್ಲಿ ಯಾರಾದ್ರೂ ಅಗೆದ್ರಾ?”

ಅತ್ತೆ ನನ್ನನ್ನು ನೋಡಿದರು. ಮೂವತ್ತೈದು ವರ್ಷ ನಾನು ಈ ಮನೆಯ ಸೊಸೆ. ಅವರು ನನ್ನನ್ನು ಹಾಗೆ ಎಂದೂ ನೋಡಿರಲಿಲ್ಲ. ಬಯ್ಯುವ ನೋಟವಲ್ಲ. ಗೋಡೆ ಮುಟ್ಟಿ ಬಿಸಿ ಎಷ್ಟಿದೆ ಎಂದು ನೋಡುತ್ತಾರಲ್ಲ, ಹಾಗೆ ನೋಡಿದರು.

“ಅಗೆದ್ರು,” ಎಂದರು.

“ಅಗೆದ್ರಾ?”

“ಹೂಂ. ದೊಡ್ಡ ಯಂತ್ರ ಬಂದಿತ್ತು. ನಾನೇ ಕಣ್ಣಾರೆ ನೋಡಿದೀನಿ. ಸಂಜೆ ಇವಳಿಗೆ ಹೇಳ್ದೆ, ‘ಕೆಲಿನ್, ನಮ್ಮ ಬೀದಿದೂ ಆಯ್ತು’ ಅಂತ. ಇವಳಿಗೇನು ಗೊತ್ತು? ಬೆಳಗಾಗೋ ಮುಂಚೆ ಹೋಗ್ತಾಳೆ, ಕತ್ತಲಾದ್ಮೇಲೆ ಬರ್ತಾಳೆ.”

ಅವನು ಮುದುಕಿಯ ವಯಸ್ಸು ಬರೆದುಕೊಂಡ, ನನ್ನ ಕಡೆ ನೋಡಿ ಅನುಕಂಪದಿಂದ ತಲೆಯಾಡಿಸಿದ, ಚಹಾ ಮುಗಿಸಿ ಹೋದ. ಬಾಗಿಲು ಹಾಕಿ ಬಂದು ಅತ್ತೆಯ ಕೈ ಹಿಡಿದು ಅತ್ತುಬಿಟ್ಟೆ. ಅವರು ಕೈ ಬಿಡಿಸಿಕೊಂಡು, “ಕುರ್ಚಿ ಆ ಕಡೆ ತಿರುಗಿಸು,” ಎಂದರು. ಕಿಟಕಿಗೆ ಬೆನ್ನು ಮಾಡಿ ಕುರ್ಚಿ ತಿರುಗಿಸಿ ಕೂರಿಸಿದೆ. ಹೊರಗಿನ ಬೆಳಕು ಕಣ್ಣಿಗೆ ಚುಚ್ಚುತ್ತಿರಬೇಕು.

ಎಂಬತ್ತೊಂದು ವರ್ಷದವರ ಮಾತು. ಸೆಪ್ಟೆಂಬರಿನಲ್ಲಿ ನೀರಿನ ಲಾರಿಯೋ ಏನೋ ಬಂದಿತ್ತು, ಅದನ್ನೇ ನೆನೆದುಕೊಂಡು ಹೇಳಿದರೇನೋ.

ಜನವರಿ 29

ಕೆಂಜೆಬೆಕ್‌ನನ್ನು ಒಳಗೆ ಹಾಕಿದರು.

ಮಾರ್ಚ್ 22

ನೌರುಜ್, ವಸಂತದ ಹೊಸ ವರ್ಷ. ಓಲ್ಜಾಸ್‌ಗೆ ಪ್ರಾಂತ್ಯದಲ್ಲಿ ದೊಡ್ಡ ಹುದ್ದೆಯಾಯಿತು. ಅವನ ಜಾಗಕ್ಕೆ ಸದ್ಯ ನನ್ನನ್ನೇ ಕೂರಿಸಿದ್ದಾರೆ. ಹೊಸ ಕುರ್ಚಿ ಬೆನ್ನಿಗೆ ಹಿತವಾಗಿದೆ, ಹಳೆಯದು ಸೊಂಟ ಮುರಿಯುತ್ತಿತ್ತು.

ಕಚೇರಿಯ ಹಬ್ಬದೂಟದಿಂದ ಸರ್ಕಿಟ್ ತಂದೆ. ಒಳ್ಳೊಳ್ಳೆಯ ತುಂಡುಗಳನ್ನು ಆರಿಸಿ ಕಟ್ಟಿಸಿದ್ದೆ. ಅತ್ತೆ ಗಂಟು ಬಿಚ್ಚಲಿಲ್ಲ. ಹರಸಲೂ ಇಲ್ಲ.

“ಉಲ್ಬೋಸಿನ್‌ಗೆ ಕೊಟ್ಬಾ,” ಎಂದರು. “ಅವಳ ಮನೇಲಿ ಈ ಸಲ ಹಬ್ಬ ಇಲ್ಲ.”

“ನಾನು ಹೋದ್ರೆ ಅವಳಿಗೆ ಇನ್ನೂ ಸಂಕಟ ಅಪಾ.”

“ಅವಳಿಗಾ?”

ಬಾಯಿಗೆ ಗಟ್ಟಿ ಎನಿಸಿರಬಹುದು. ಎತ್ತಿ ಫ್ರಿಜ್ಜಿನಲ್ಲಿಟ್ಟೆ. ಈಚೆಗೆ ನನ್ನ ಕೈಯಡಿಗೆಯೂ ಅವರಿಗೆ ಸೇರುತ್ತಿಲ್ಲ. ಬ್ರೆಡ್ಡು, ಚಹಾ ಇಷ್ಟೇ. ಸಂಜೆಯ ವರದಿಯೂ ಇಲ್ಲ. ಮನೆ ಎಷ್ಟು ಸದ್ದಿಲ್ಲದೆ ಇರುತ್ತದೆಂದರೆ, ಟಿವಿ ಹಾಕಿಕೊಂಡೇ ಊಟ ಮಾಡುತ್ತೇನೆ.

ಮೇ 6

ತೀರ್ಪು ಬಂತು. ಕೆಂಜೆಬೆಕ್‌ಗೆ ಐದು ವರ್ಷ. ಆಗದ ಕೆಲಸ ಆಗಿದೆ ಎಂದು ಸಹಿ ಹಾಕಿದ್ದಕ್ಕೆ. ನ್ಯಾಯಾಲಯದಲ್ಲಿ ಅವನು ನನ್ನ ಹೆಸರು ಎತ್ತಲಿಲ್ಲವಂತೆ. ಎತ್ತಿದ್ದರೂ ಪ್ರಯೋಜನವಿರಲಿಲ್ಲ ಎಂದು ವಕೀಲರು ಹೇಳಿದರು, ಸಾಕ್ಷ್ಯ ಬೇಕಲ್ಲ.

ಹಾಳೆ ಇಲ್ಲೇ ಇದೆ. ಪುಸ್ತಕ ತೆರೆದಾಗಲೆಲ್ಲ ಜಾರಿ ಕೆಳಗೆ ಬೀಳುತ್ತಿತ್ತು. ಹಿಂದಿನ ರಟ್ಟಿಗೆ ಗೋಂದು ಹಚ್ಚಿ ಅಂಟಿಸಿದೆ.

ಮೇ 27

ಎರಡನೆಯ ಬಾಂಡಿಗೆ ಒಪ್ಪಿಗೆ ಬಂತು, ಇನ್ನೂರ ಅರವತ್ತು ಕೋಟಿ. ಅದರಲ್ಲಿ ಬಿಟ್ಟುಹೋಗಿದ್ದ ಎರಡು ಕಿಲೋಮೀಟರ್ ಮುಗಿಯುತ್ತದೆ. ಅದೇ ಪೈಪಿಗೆ ಎರಡು ಸಲ ಸಾಲ ಎಂದು ಯಾರಾದರೂ ಹಂಗಿಸಬಹುದು, ಹಂಗಿಸಲಿ. ‘ಮೊದಲು ಡಿಪೋ ಬೀದಿ’ ಎಂದು ನಾನೇ ಪಟ್ಟಿಯಲ್ಲಿ ಬರೆಸಿದೆ. ಏಪ್ರಿಲ್ ಎಂದಿದ್ದೆ, ಮೇ ಆಯಿತು. ಕೊಟ್ಟ ಮಾತು ಉಳಿಸಿಕೊಂಡೆ.

ಇವತ್ತು ಬೆಳಿಗ್ಗೆ ಯಂತ್ರ ಬಂತು. ರಜೆ ಹಾಕಿ ಮನೆಯಲ್ಲೇ ಉಳಿದೆ. ನೆಲ ಅದುರಿ ಕಪಾಟಿನ ಬಟ್ಟಲುಗಳೆಲ್ಲ ಗಲಗಲ ಎನ್ನುತ್ತಿದ್ದವು. ಕಿಟಕಿಯ ಕೆಳಗೇ ಹಳೆಯ ಪೈಪನ್ನು ಎತ್ತಿ ಹಾಕಿದರು, ತುಕ್ಕು ತಿಂದು ಜರಡಿಯಾಗಿತ್ತು. ಹೊಸ ಪೈಪುಗಳು ಲಾರಿಯ ಮೇಲೆ ಹಳದಿಯಾಗಿ ಹೊಳೆಯುತ್ತಿದ್ದವು. ಕಣ್ಣು ತುಂಬಿ ಬಂತು ನನಗೆ.

“ಅಪಾ, ಬನ್ನಿ, ನೋಡಿ! ಬಂದ್ರು, ನಮ್ಮ ಬೀದಿ ಅಗೀತಿದಾರೆ!” ಎಂದು ಕುರ್ಚಿ ತಿರುಗಿಸಲು ಹೋದೆ.

ಅತ್ತೆ ಕುರ್ಚಿಯ ಕೈ ಎರಡನ್ನೂ ಬಿಗಿಯಾಗಿ ಹಿಡಿದುಕೊಂಡರು. ಎದುರಿನ ಗೋಡೆ ಬಿಟ್ಟು ಕಣ್ಣು ಕದಲಿಸಲಿಲ್ಲ.

“ಮತ್ತೆ ಯಾಕೆ ಅಗೀತಾರೆ? ನಮ್ಮ ಬೀದಿದು ಆಗಲೇ ಆಗಿದೆಯಲ್ಲ,” ಎಂದರು. “ನಾನೇ ಕಣ್ಣಾರೆ ನೋಡಿದೀನಿ.”

ಡಾಕ್ಟರಿಗೆ ತೋರಿಸಬೇಕು. ಈ ವಯಸ್ಸಿಗೆ ನೆನಪು ಹೀಗೆಯೇ ಕೈಕೊಡುತ್ತದೆ.